ಗುಳಿಗೆಯ ಮುಖ

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯವನು ನೇಕಾರ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನೂಲಿನ ಧೂಳಿಗೆ ಅವನ ಎದೆ ಸಿಳ್ಳೆ ಹಾಕುತ್ತಿತ್ತು. ಆಗ ಲಾಳಿಯನ್ನು ಬದಿಗಿಟ್ಟು, ಎರಡೂ ಕೈಯೂರಿ, ಉಸಿರು ಮರಳುವವರೆಗೆ ಗೋಡೆ ನೋಡುತ್ತಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ಹುನಗುಂದದ ಡಾಕ್ಟರೊಬ್ಬರು ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ದಮ್ಮು ಇಳಿಯಿತು, ಮುಖ ಉಬ್ಬಿತು. ಬತ್ತಿದ ಕೆನ್ನೆಗಳು ದುಂಡಗಾದವು. ಓಣಿಯವರು "ಮೈ ತುಂಬಿಕೊಂಡಿ ನೋಡಪಾ" ಎಂದರೆ ಅವನದು ಒಂದೇ ಉತ್ತರ: "ಇದು ನನ್ನ ಮುಖ ಅಲ್ಲ, ಗುಳಿಗಿದು."

ಅವನ ಅವ್ವನಿಗೆ ಮಾತ್ರ ಆ ಮುಖ ನೋಡಿದಷ್ಟೂ ಸಾಲದು. ಡಾಕ್ಟರು ಗುಳಿಗೆ ಕಡಿಮೆ ಮಾಡುವುದರೊಳಗೆ ಕನ್ಯೆ ನೋಡಿ ಬರಬೇಕೆಂದು ಅವಸರ ಮಾಡಿದಳು. ಬಾದಾಮಿಗೆ ಹೋದೆವು; ನಾನೂ ಜೊತೆಗಿದ್ದೆ. ಹುಡುಗಿಯ ಅಪ್ಪ ಚುರಮುರಿ ಮುಂದಿಟ್ಟು, "ಹುಡುಗ ಗಟ್ಟಿಮುಟ್ಟ ಅದಾನ್ರಿ" ಎಂದರು. ಮಗನ ಬಾಯಿ ಗೊತ್ತಿದ್ದ ಅವ್ವ ಅವನ ತೊಡೆ ಚಿವುಟಿದಳು. ಅವನು ಚಹಾದ ಬಸಿ ಕೆಳಗಿಟ್ಟ.

"ಇದು ನನ್ನ ಮುಖ ಅಲ್ರಿ, ಗುಳಿಗಿದು. ನನಗ ದಮ್ಮೈತಿ. ಗುಳಿಗಿ ಬಿಟ್ಟ ಮ್ಯಾಲ ಈ ಮುಖ ಇರೂದಿಲ್ಲ."

ಹುಡುಗಿಯ ಅಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಎದ್ದರು. ಅಷ್ಟರಲ್ಲಿ ಬಾಗಿಲ ಮರೆಯಿಂದ ಹುಡುಗಿಯ ದನಿ ಬಂತು.

"ಅಪ್ಪಾ, ಮುಖ ಗುಳಿಗಿದಾದ್ರ ಆಗ್ಲಿ. ಈಗ ಖರೆ ಹೇಳಿದ ಬಾಯಿ ಯಾರದು, ಕೇಳು."

ಅವನು ಬಾಗಿಲ ಕಡೆ ತಿರುಗಿದ.

"ಅದು ನಂದ ಐತ್ರಿ."

ಎದ್ದಿದ್ದ ಅಪ್ಪ ಮತ್ತೆ ಕೂತರು. ಒಳಗಿನಿಂದ ಇನ್ನೊಂದು ಸುತ್ತು ಚಹಾ ಬಂತು.