ಲೋಳೆಮೀನಿನ ಪುಸ್ತಕ

ಕಾಸರಕೋಡಿನ ರಂಪಣಿ ಬಲೆಯ ಯಜಮಾನ ಸುಬ್ಬಜ್ಜ, ಬಲೆ ಬಿಡುವ ಮುಂಚೆ ಸಮುದ್ರಕ್ಕೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿ ಉಗುಳುತ್ತಿದ್ದ. ಆಮೇಲೆಯೇ ಬಿಡುವುದೋ ಬೇಡವೋ ಹೇಳುತ್ತಿದ್ದ.

ಬಲೆಗೆ ಬಿದ್ದ ಲೋಳೆಮೀನುಗಳನ್ನು, ಅಂದರೆ ಜೆಲ್ಲಿಫಿಶ್‌ಗಳನ್ನು, ಜಾತಿವಾರು ಎಣಿಸಿ, ಯಾವುದು ಯಾವ ತಿಂಗಳಲ್ಲಿ ಬರುತ್ತದೆಂದು ಬರೆದಿಡುವುದು ಸಂಶೋಧನೆಗೆಂದು ಹೊರಗಿನಿಂದ ಬಂದಿದ್ದ ನನ್ನ ಕೆಲಸ. ಎರಡನೇ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜ ನೀರು ಮುಟ್ಟದೆ ನೇರ ನನ್ನ ಹತ್ತಿರ ಬಂದ.

“ಅಕ್ಕೋರೆ, ನಿಮ್ಮ ಪುಸ್ತಕ ಎಂತ ಹೇಳ್ತದೆ? ಹೋದ ವರ್ಷ ಈ ಹೊತ್ತಿಗೆ ಲೋಳೆ ಇತ್ತಾ?”

ಇರಲಿಲ್ಲ. ಹಾಗೆಂದೆ. ಒಂದೇ ವರ್ಷದ ಬರಹ, ನಂಬಬೇಡಿ ಎನ್ನುವ ಮಾತು ಮಾತ್ರ ಇಂಗ್ಲಿಷಿನಲ್ಲೇ ಬಂತು. ಅದನ್ನು ಕನ್ನಡದಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ದೋಣಿ ಹೊರಟಿತ್ತು.

ಮಧ್ಯಾಹ್ನ ಕೇರಿಯವರೆಲ್ಲ ಸೇರಿ ಎಳೆದರೂ ಬಲೆ ದಡಕ್ಕೆ ಬರಲಿಲ್ಲ. ಒಳಗೆ ಬರೀ ಲೋಳೆಮೀನು. ಆ ಬಲೆಯಲ್ಲಿ ಪ್ರತಿ ಮನೆಯವರೂ ಹೆಣೆದು ಕೊಟ್ಟ ಒಂದೊಂದು ತುಂಡು ಇತ್ತು. ಅದನ್ನೇ ಚೂರಿಯಿಂದ ಕೊಯ್ದು ಲೋಳೆಯನ್ನು ಹೊರಗೆ ಬಿಟ್ಟರು.

“ಅಕ್ಕೋರ ಪುಸ್ತಕದಲ್ಲಿ ಇಲ್ಲದ್ದೆಲ್ಲ ಬಲೆಗೆ ಬಂತು” ಅಂದಳು ಒಬ್ಬ ಮುದುಕಿ. ಯಾರೂ ನಗಲಿಲ್ಲ. ದಡಕ್ಕೆ ತೇಲಿಬಂದ ಲೋಳೆಯನ್ನು ನಾನು ತಲೆ ತಗ್ಗಿಸಿ ಎಣಿಸಿದೆ. ಅಷ್ಟು ತುಂಬಿದ ಪುಟ ನನ್ನ ಪುಸ್ತಕದಲ್ಲಿ ಇನ್ನೊಂದಿಲ್ಲ.

ಹದಿನೈದು ದಿನ ಮನೆಮನೆಯಲ್ಲೂ ಬಲೆ ಹೆಣೆದರು. ಮುಗಿದ ಸಂಜೆ ಅಜ್ಜ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ. ಬೈದರೆ ಬೈಯಲಿ ಅಂದುಕೊಂಡೆ.

“ಬಲೆ ಆತು ಅಕ್ಕೋರೆ. ಈ ಸಲ ಸ್ವಲ್ಪ ಸರಿಯಾಗಿ ನೋಡಿ ಹೇಳಿ. ನಾಳೆ ಬಿಡುವನಾ?”

ನಾನು ಪುಟ ತಿರುವುತ್ತಾ ಕೂತೆ. ಅವನು ಕಾಯುತ್ತಾ ಕೂತ.