ನಾಗರಾಜು ತಂದೆಯಾದದ್ದು

ಕೋವಿಡ್ ಹಾವಳಿ ತಗ್ಗಿದ ಮೇಲೆ ನಾನು ಮಧುಗಿರಿಯ ಒಂದು ಖಾಸಗಿ ಆಸ್ಪತ್ರೆಗೆ ಯುರಾಲಜಿಸ್ಟ್ ಆಗಿ ಸೇರಿದೆ. ಮೂತ್ರಕೋಶದ ಕಾಯಿಲೆಗಳ ಜೊತೆಗೆ ಗಂಡಸರ ಲೈಂಗಿಕ ತೊಂದರೆಗಳೂ ನಮ್ಮ ವಿಭಾಗಕ್ಕೇ ಬರುತ್ತವೆ. ನಾನು ಹೆಂಗಸು; ನನ್ನ ಮುಂದೆ ಬಾಯಿ ಬಿಡಲು ಹಿಂಜರಿಯುವವರೇ ಹೆಚ್ಚು.

ಪಾವಗಡ ಕಡೆಯ ನಾಗರಾಜು ವೆಲ್ಡರ್. ನೀರಿನ ಟ್ಯಾಂಕ್ ಕಟ್ಟುವಾಗ ಮೇಲಿನಿಂದ ಬಿದ್ದು, ಎದೆಯ ಮೇಲ್ಭಾಗದ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಅದರ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಮೂತ್ರದ ಸೋಂಕಿಗೆಂದು ಬಂದಿದ್ದ. ಗಾಲಿಕುರ್ಚಿ ತಳ್ಳಿಕೊಂಡು ಬಂದವಳು ಹೆಂಡತಿ ಸುಜಾತ. ನಾನು ಔಷಧಿ ಬರೆಯುತ್ತಿದ್ದಾಗ ಅವನು ತಲೆ ತಗ್ಗಿಸಿಕೊಂಡೇ ಹೇಳಿದ:

"ಮೇಡಂ, ಇವ್ಳಿಗೆ ನೀವಾದ್ರೂ ಹೇಳಿ. ನನ್ನ ಬುಟ್ಟು ಬೇರೆ ಮದ್ವೆ ಆಗು ಅಂದ್ರೆ ಕೇಳಾಕಿಲ್ಲ. ನನ್ನಿಂದ ಮಕ್ಳಾಗಲ್ಲ."

"ಆಗಲ್ಲ ಅಂತ ಯಾರ್ ಹೇಳಿದ್ರು ನಿಂಗೆ?" ಎಂದಳು ಸುಜಾತ. "ಒಬ್ಬ ಡಾಕ್ಟ್ರನ್ನಾದ್ರೂ ಕೇಳಿದ್ಯಾ?"

ನಾನು ಪೆನ್ನು ಕೆಳಗಿಟ್ಟು ಇಬ್ಬರಿಗೂ ವಿವರಿಸಿದೆ. ವೀರ್ಯ ಹೊರಬರಲು ಮೆದುಳಿನ ಅಪ್ಪಣೆ ಬೇಕೇ ಬೇಕೆಂದಿಲ್ಲ. ಬೆನ್ನುಹುರಿಯ ಕೆಳಭಾಗದ ನರಗಳು ಚೆನ್ನಾಗಿದ್ದರೆ, ಶಿಶ್ನದ ತುದಿಗೆ ಸಾಧನದಿಂದ ಕಂಪನ ಕೊಟ್ಟು ಅವನ್ನು ಪ್ರಚೋದಿಸಬಹುದು. ಇದೇ ವೈಬ್ರೇಟರಿ ಸ್ಟಿಮ್ಯುಲೇಶನ್. ಪರೀಕ್ಷಿಸಿದಾಗ ನಾಗರಾಜುವಿನ ಆ ನರಗಳು ಜೀವಂತವಾಗಿದ್ದವು.

ಮೊದಲ ಪ್ರಯತ್ನದಲ್ಲಿ ಅವನ ಮುಖ ಕೆಂಪೇರಿತು, ಹಣೆ ಬೆವರಿತು, ರಕ್ತದೊತ್ತಡ ಒಮ್ಮೆಲೇ ಏರಿತು. ಬೆನ್ನುಹುರಿಗೆ ಮೇಲ್ಮಟ್ಟದಲ್ಲಿ ಪೆಟ್ಟಾದವರಿಗೆ ಇದು ಪ್ರಾಣಾಪಾಯ ತರಬಲ್ಲದು. ತಕ್ಷಣ ನಿಲ್ಲಿಸಿ, ಅವನನ್ನು ಎತ್ತಿ ಕೂರಿಸಿ, ಒತ್ತಡ ಇಳಿಯುವವರೆಗೂ ಪಕ್ಕದಲ್ಲೇ ನಿಂತೆ.

"ಸಾಕು ಬುಡಿ ಮೇಡಂ," ಎಂದ.

"ಮುಂದಿನ ಸಲ ಒತ್ತಡ ಏರದ ಹಾಗೆ ಮೊದಲೇ ಮಾತ್ರೆ ಕೊಟ್ಟು ಮಾಡೋಣ. ಬರ್ತೀಯಾ?"

ಅವನು ಸುಜಾತಳ ಮುಖ ನೋಡಿದ. "ಬತ್ತೀನಿ," ಎಂದ.

ಮುಂದಿನ ಸಲ ಒತ್ತಡ ಹಿಡಿತದಲ್ಲೇ ಇತ್ತು. ಬಾಟಲಿಯಲ್ಲಿ ಸಂಗ್ರಹವಾದದ್ದನ್ನು ತೋರಿಸಿದಾಗ ಅವನು ಮೆಲ್ಲಗೆ ಕೇಳಿದ: "ನಂದೇನಾ ಮೇಡಂ?"

ನಿನ್ನದೇ ಎಂದೆ. ವೃತ್ತಿಯಲ್ಲಿ ಅಷ್ಟು ಹೆಮ್ಮೆಯಿಂದ ನಾನು ಬೇರೆ ಯಾವ ಉತ್ತರವನ್ನೂ ಕೊಟ್ಟಿಲ್ಲ.

ಆ ವೀರ್ಯವನ್ನು ಸುಜಾತಳ ಗರ್ಭಕೋಶಕ್ಕೆ ಸೇರಿಸುವುದು ತುಮಕೂರಿನ ನನ್ನ ಗೆಳತಿ, ಸ್ತ್ರೀರೋಗ ತಜ್ಞೆಯ ಕೆಲಸ. ಕೆಲವು ಪ್ರಯತ್ನಗಳು ಕೈಕೊಟ್ಟವು. ಕೊನೆಗೆ ಸುಜಾತ ಗರ್ಭಿಣಿಯಾದಳು. ಹೆಣ್ಣು ಮಗು ಹುಟ್ಟಿತು.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾಗರಾಜು ತೋರಿಸಲು ಬಂದ. ಹೊರಡುವಾಗ ದನಿ ತಗ್ಗಿಸಿ ಹೇಳಿದ: "ನಮ್ಮೂರಾಗೆ ಇನ್ನೊಬ್ಬ ಅವ್ನೆ ಮೇಡಂ, ಮರದಿಂದ ಬಿದ್ದೋನು. ಕರ್ಕೊಂಡ್ ಬಂದಿವ್ನಿ. ನಾಚ್ಕಂಡು ಹೊರ್ಗೇ ಕುಂತವ್ನೆ."

ನಾಚಿಕೆ ದಾಟಿ ಬರುವ ಕಷ್ಟವನ್ನು ರೋಗಿಗೇ ಬಿಡಬಾರದು, ಮೊದಲ ಪ್ರಶ್ನೆ ವೈದ್ಯರದೇ ಆಗಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಎದ್ದು ಹೊರಗೆ ಹೋದೆ.