ಷಡ್ಡಕನ ಮನೆಯಲ್ಲೊಂದು ತಪ್ಪು

ಬೇರೆಯವರು ಕಟ್ಟಿಸುತ್ತಿರುವ ಮನೆಯನ್ನು ನೋಡಲು ಹೋದವರು ಮೊದಲು ಮಾಡುವ ಕೆಲಸವೆಂದರೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುವುದು. ಆಮೇಲೆ ತುಟಿಯನ್ನು ಕೊಂಚ ಸೊಟ್ಟಗೆ ಮಾಡಿ ‘ಪರವಾಗಿಲ್ಲ’ ಎನ್ನುವುದು. ಮಸ್ಕಿಯ ನನ್ನ ಷಡ್ಡಕ ಬಸವರಾಜ ಈ ಸುಖವನ್ನೂ ನನ್ನಿಂದ ಕಿತ್ತುಕೊಂಡ. ಪಾಯ ತೋಡುವ ಮೊದಲೇ ಅವನ ಮನೆ ಕೊಳವೆ, ಕಿಟಕಿ, ಕಂಬಿಗಳ ಸಮೇತ ಕಂಪ್ಯೂಟರಿನಲ್ಲಿ ಎದ್ದು ನಿಂತಿತ್ತು. ತಟ್ಟಲು ಗೋಡೆಯೇ ಇಲ್ಲ!

ಸಿಂಧನೂರಿನ ನನ್ನ ಮನೆಯ ಚರಿತ್ರೆ ಬೇರೆ. ಸುಣ್ಣದ ಪುಡಿಯ ಗೆರೆ ಬಿದ್ದ ದಿನವೇ ಬಂಧುವರ್ಗವೆಲ್ಲ ವಾಸ್ತುವಿಶಾರದರಾದರು. ಸೋದರಮಾವ ಎಬ್ಬಿಸಿದ ಗೋಡೆಯನ್ನು ಅತ್ತೆ ಒಡೆಸಿ, ಅತ್ತೆ ಇಡಿಸಿದ ಬಾಗಿಲನ್ನು ಭಾವ ಮುಚ್ಚಿಸಿ, ಎರಡು ಮನೆಗಳ ಖರ್ಚಿನಲ್ಲಿ ನಾನು ಒಂದು ಮನೆಯ ಯಜಮಾನನಾದೆ.

ನಾವು ಗಂಡ ಹೆಂಡತಿ ಮಸ್ಕಿಗೆ ಹೋದ ದಿನ ಬಸವರಾಜನ ಮಗಳು, ಲಿಂಗಸುಗೂರಿನಲ್ಲಿ ಇಂಜಿನಿಯರಾಗಿರುವ ಪೂರ್ಣಿಮಾ, ಪರದೆಯ ಮೇಲೆ ಮನೆಯನ್ನು ಗರಗರ ತಿರುಗಿಸಿದಳು.

“ಇದಕ್ಕ ಬಿಮ್ ಅಂತಾರ್ರಿ ದೊಡ್ಡಪ್ಪ, ಮನಿ ಕಟ್ಟೂ ಮೊದಲಾ ಕಂಪ್ಯೂಟರಿನ್ಯಾಗ ಕಟ್ಟಿ ನೋಡೂದು. ಪೈಪು ತೊಲಿಗೆ ಬಡದ್ರ ಇಲ್ಲೇ ಕೆಂಪಗ ತೋರಸ್ತೈತಿ. ಗ್ವಾಡಿ ಇಲ್ಲೇ ಒಡದು ಇಲ್ಲೇ ಕಟ್ತೀವಿ. ಉಸುಕು, ಸಿಮೆಂಟು ಎಷ್ಟು ಬೇಕೋ ಅಷ್ಟಾ ತರಸೂದು.”

“ನಿಮ್ಮ ಮನಿ ನೋಡೇ ಬುದ್ಧಿ ಕಲತೀವಿ ಬಿಡ್ರಿ ಅಣ್ಣಾರ!” ಎಂದು ಬಸವರಾಜ ನಕ್ಕ. ನಾನೂ ನಕ್ಕೆ, ಹಲ್ಲಿನಿಂದ ಮಾತ್ರ.

ಮತ್ಸರಕ್ಕೂ ಒಂದು ಸದ್ಗುಣವುಂಟು, ಓದುಗ ಮಿತ್ರರೇ: ಅದು ಕಣ್ಣನ್ನು ಚುರುಕು ಮಾಡುತ್ತದೆ. ನನ್ನ ಕಣ್ಣು ಅಡುಗೆಮನೆ, ದೇವರಮನೆಗಳನ್ನೆಲ್ಲ ದಾಟಿ, ಹಿಂದಿನ ನೆಲ್ಲಿನ ಕೋಣೆಗೆ ಹೋಗುವ ಓಣಿಯಂಥ ದಾರಿಯಲ್ಲಿ ನಿಂತಿತು. ನಡುವೆ ಒಂದು ಇಕ್ಕಟ್ಟಾದ ತಿರುವು. ಬರಿಗೈಯಲ್ಲಿ ನಡೆಯುವವನಿಗೆ ಧಾರಾಳ. ಆದರೆ ವರ್ಷದ ನೆಲ್ಲನ್ನು ಮನೆಯೊಳಗೇ ಒಟ್ಟುವ ನಮ್ಮ ಸೀಮೆಯಲ್ಲಿ, ಬೆನ್ನಿಗೆ ಅಡ್ಡ ಚೀಲ ಹೊತ್ತ ಹಮಾಲ ಅಲ್ಲಿ ಹೇಗೆ ತಿರುಗಿಯಾನು? ಕೊಳವೆಗೂ ತೊಲೆಗೂ ಆಗುವ ಜಗಳ ಯಂತ್ರಕ್ಕೆ ಗೊತ್ತು. ಚೀಲ ಹೊತ್ತ ಮನುಷ್ಯನನ್ನು ಅದರೊಳಗೆ ಯಾರೂ ಇಟ್ಟಿರಲಿಲ್ಲ.

ನಾನು ಸುಮ್ಮನಿದ್ದರೆ ಸಾಕಿತ್ತು. ಗೋಡೆ ಏಳುತ್ತಿತ್ತು, ಸುಗ್ಗಿ ಬರುತ್ತಿತ್ತು, ಹಮಾಲ ಸಿಕ್ಕಿಕೊಳ್ಳುತ್ತಿದ್ದ, ಗೋಡೆ ಒಡೆಯುತ್ತಿತ್ತು; ಆ ಧೂಳಿನ ನಡುವೆ ನಿಂತು ನಾನು ‘ಪರವಾಗಿಲ್ಲ’ ಎನ್ನಬಹುದಿತ್ತು. ಈ ಸ್ವಪ್ನ ಬೆಲ್ಲದಂತೆ ಬಾಯಲ್ಲಿ ಕರಗುತ್ತಿರುವಾಗಲೇ ಬಸವರಾಜ ನಗು ಬಿಟ್ಟು ಕೇಳಿದ: “ಖರೇ ಹೇಳ್ರಿ ಅಣ್ಣಾರ, ಏನರ ತಪ್ಪೈತೇನು? ನಾಳೆ ಪಾಯಾ ತೋಡಸಾಕತ್ತೀನಿ. ನೀವು ಹೂಂ ಅಂದ್ರ ಮುಂದ.”

ಅಷ್ಟು ನಂಬಿ ಕೇಳಿದವನ ಮುಂದೆ ಬೆಲ್ಲವನ್ನು ನುಂಗುವುದಾಗಲಿಲ್ಲ.

“ನೆಲ್ಲಿನ ಚೀಲ ಹೊತ್ತವ ಇಲ್ಲಿ ಹ್ಯಾಂಗ ತಿರಗ್ತಾನೋ?”

ತಂದೆ ಮಗಳು ಮುಖ ಮುಖ ನೋಡಿಕೊಂಡರು. “ಅಯ್ಯ ದೊಡ್ಡಪ್ಪ, ಇದು ಹೊಳೀಲೇ ಇಲ್ಲ ನೋಡ್ರಿ!” ಎಂದವಳೇ ಪೂರ್ಣಿಮಾ ಗೋಡೆಯನ್ನು ಅತ್ತ ಸರಿಸಿದಳು. ಧೂಳಿಲ್ಲ, ಸದ್ದಿಲ್ಲ, ಒಂದು ಇಟ್ಟಿಗೆಯ ನಷ್ಟವೂ ಇಲ್ಲ. ನಾನು ಆಸೆಯಿಂದ ಇನ್ನೊಮ್ಮೆ ಮನೆಯೆಲ್ಲ ಹುಡುಕಿದೆ. ಒಂದೂ ತಪ್ಪು ಉಳಿದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ಕೇಳಿದಳು: “ಯಾಕ್ರೀ, ಮಾರಿ ಇಷ್ಟು ಸಣ್ಣ ಮಾಡೀರಿ?”

“ಮಸ್ಕ್ಯಾಗ ಒಂದು ಚಂದದ ಮನಿ ಕಟ್ಟಿ ಬಂದೀನಿ,” ಎಂದೆ, “ಅದೂ ನಿನ್ನ ತಂಗಿ ಗಂಡಗ.”